ಮಳೆಯೋ, ತಡೆಯೋ?

ಹೊಳೆ ತುಂಬಿದೆ, ನೀರು ಮೊದಲಿನಂತಿಲ್ಲ, ಸೆಳೆತ ಹೆಚ್ಚಿದೆ. ಹಾಗಾದರೆ ಮೇಲ್ಗಡೆ ಎಲ್ಲೋ ಮಳೆ ಬಿದ್ದಿದೆ. ಅಕ್ಷಪಾದ ಗೌತಮನ ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ, ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ಬಗೆಗೆ ಕೊಡುವ ಉದಾಹರಣೆ ಇದು. ಒಂದೂವರೆ ಸಾವಿರ ವರ್ಷಗಳಿಂದ ತರ್ಕಶಾಸ್ತ್ರದ ವಿದ್ಯಾರ್ಥಿಗಳು ಈ ತುಂಬಿದ ಹೊಳೆಯನ್ನು ದಾಟಿಯೇ ಮುಂದಿನ ಪಾಠಕ್ಕೆ ಹೋಗಿದ್ದಾರೆ. ಆದರೆ ಶಾಸ್ತ್ರ ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಎದುರಾಳಿಯ ಬಾಯಿಂದ ಒಂದು ಆಕ್ಷೇಪವನ್ನೂ ಹೇಳಿಸುತ್ತದೆ: ಕೆಳಗಡೆ ಯಾರಾದರೂ ನೀರಿಗೆ ತಡೆ ಹಾಕಿದರೂ ಹೊಳೆ ತುಂಬುತ್ತದಲ್ಲ? ಇರುವೆಗಳು ಮೊಟ್ಟೆ ಹೊತ್ತು ಸಾಗುವುದು ಮಳೆಯ ಮುನ್ಸೂಚನೆ ಎನ್ನುತ್ತೀರಿ. ಗೂಡು ಕೆಡಿಸಿದರೂ ಅವು ಹಾಗೆಯೇ ಸಾಗುತ್ತವಲ್ಲ?

ಉತ್ತರ ನೇರವಾಗಿದೆ. ಆ ಎರಡು ತುಂಬುವಿಕೆಗಳು ಒಂದೇ ಬಗೆಯವಲ್ಲ. ಮಳೆಯಿಂದ ಏರಿದ ನೀರಿಗೆ ಸೆಳೆತವಿದೆ, ನೊರೆಯಿದೆ. ಎಲೆ, ಕಾಯಿ, ಕಟ್ಟಿಗೆಗಳನ್ನು ಅದು ಹೊತ್ತು ತರುತ್ತದೆ. ತಡೆಯಿಂದ ನಿಂತ ನೀರಿಗೆ ಈ ಗುರುತುಗಳಿಲ್ಲ. ಗುರುತು ನೋಡದೆ ತೀರ್ಮಾನಿಸಿದವನು ಎಡವಿದರೆ ತಪ್ಪು ಪ್ರಮಾಣದ್ದಲ್ಲ, ಅಂದರೆ ತಿಳಿಯುವ ಬಗೆಯದ್ದಲ್ಲ, ಅವನದ್ದು.

ಕಾರವಾರ ಮತ್ತು ಅಂಕೋಲಾ ನಡುವಿನ ಕರಾವಳಿಯಲ್ಲಿ ಈ ಪ್ರಶ್ನೆ ಪ್ರತಿ ಮಳೆಗಾಲಕ್ಕೆ ಮನೆಯಂಗಳಕ್ಕೇ ಬಂದು ನಿಲ್ಲುತ್ತದೆ. ಕಾರವಾರದಿಂದ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಹೊರಟರೆ ಬಿಣಗಾ, ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ ಹೀಗೆ ಊರುಗಳು ಸಿಗುತ್ತವೆ. ಎಡಕ್ಕೆ ಸಹ್ಯಾದ್ರಿಯ ಗುಡ್ಡ, ಬಲಕ್ಕೆ ಅರಬ್ಬಿ ಸಮುದ್ರ, ನಡುವೆ ಗದ್ದೆ, ತೋಟ, ಮನೆಗಳ ಕಿರಿದಾದ ಪಟ್ಟಿ. ಇಲ್ಲಿನ ಹಳ್ಳಗಳಿಗೆ ಕಾಳಿ, ಗಂಗಾವಳಿ ನದಿಗಳಂತೆ ದೂರದ ಪಯಣವಿಲ್ಲ. ಗುಡ್ಡದಿಂದ ಇಳಿದರೆ ಕೆಲವೇ ಕಿಲೋಮೀಟರಿಗೆ ಕಡಲು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದ ಮೇಲೆ ಜೋರು ಮಳೆ ಹೊಯ್ದ ಸ್ವಲ್ಪ ಹೊತ್ತಿಗೇ ಹಳ್ಳ ಉಕ್ಕುತ್ತದೆ. ಮಳೆ ನಿಂತ ಕೆಲ ಹೊತ್ತಿಗೆ ಇಳಿಯಲೂಬೇಕು.

ಇಳಿಯಲು ದಾರಿಯಿದ್ದರೆ ಇಳಿಯುತ್ತದೆ. ಗುಡ್ಡಕ್ಕೂ ಕಡಲಿಗೂ ನಡುವೆ ಈಗ ಅಡ್ಡಗೆರೆಗಳು ಬಿದ್ದಿವೆ. 1998ರಲ್ಲಿ ಉದ್ದಕ್ಕೂ ಸಂಚಾರ ಆರಂಭಿಸಿದ ಕೊಂಕಣ ರೈಲ್ವೆಯ ಏರಿ ಒಂದು. ಚತುಷ್ಪಥವಾದ ಹೆದ್ದಾರಿ ಇನ್ನೊಂದು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಐಎನ್ಎಸ್ ಕದಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಯ ಆವರಣ ಮತ್ತೊಂದು. ಜೋರು ಮಳೆಯಾದಾಗ ಅರಗಾ, ಚೆಂಡಿಯಾ ಕಡೆಯಿಂದ ಹೆದ್ದಾರಿಗೆ ನೀರು ಬಂತು, ಮನೆಯೊಳಗೆ ನೀರು ಹೊಕ್ಕಿತು ಎಂಬ ಸುದ್ದಿ ಬರುತ್ತಲೇ ಇದೆ. ಹಳ್ಳ ಸಮುದ್ರ ಸೇರುವ ದಾರಿಗೆ ತಡೆಯಾಗಿದೆ ಎಂಬುದು ಊರವರ ಹಳೆಯ ದೂರು. ಮಳೆಯೇ ಹಾಗೆ ಸುರಿಯಿತು, ಯಾರೇನು ಮಾಡಲಾದೀತು ಎಂಬುದು ಎದುರಿನ ಮಾತು. ನ್ಯಾಯಶಾಸ್ತ್ರದ ಪೂರ್ವಪಕ್ಷ ಮತ್ತು ಸಿದ್ಧಾಂತ ಎರಡೂ ಹೆದ್ದಾರಿಯ ಅಂಚಿನಲ್ಲಿ ನಿಂತಿವೆ.

ಎದುರಿನ ಆ ಮಾತಿಗೆ ಇನ್ನೊಂದು ರೂಪವಿದೆ: ಎಲ್ಲ ದೇವರ ಇಚ್ಛೆ. ಈ ಲೇಖನದ ಪ್ರಶ್ನೆ ಇರುವುದು ಅಲ್ಲೇ. ನೆರೆಯನ್ನು ದೈವಕ್ಕೆ ಒಪ್ಪಿಸುವುದು ಯಾವಾಗ ಶ್ರದ್ಧೆ, ಯಾವಾಗ ನುಣುಚಿಕೊಳ್ಳುವಿಕೆ? ಅದನ್ನು ತಿಳಿಯುವ ಬಗೆ ಏನಾದರೂ ಇದೆಯೇ?

ಇದೆ. ಅದಕ್ಕೆ ಲೆಕ್ಕ ಬೇಕು, ಆ ಲೆಕ್ಕ ಕಷ್ಟದ್ದೂ ಅಲ್ಲ. ಒಂದು ಹಳ್ಳಕ್ಕೆ ನೀರು ಬಸಿಯುವ ಗುಡ್ಡದ ಪ್ರದೇಶ ಎರಡು ಚದರ ಕಿಲೋಮೀಟರ್, ಅಂದರೆ 200 ಹೆಕ್ಟೇರ್ ಎಂದುಕೊಳ್ಳೋಣ. ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಮಳೆ ಹೊಯ್ಯುತ್ತಿದೆ. ಬಿದ್ದ ಮಳೆಯೆಲ್ಲ ಹಳ್ಳಕ್ಕೆ ಬರುವುದಿಲ್ಲ. ಕಾಡು, ಗದ್ದೆ ಇದ್ದಲ್ಲಿ ನೂರಕ್ಕೆ 40 ಪಾಲು ಬಂತು ಎಂದಿಟ್ಟುಕೊಳ್ಳೋಣ. ಈ ಮೂರನ್ನೂ (ನೂರಕ್ಕೆ 40 ಅಂದರೆ 0.4) ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 13 ಘನಮೀಟರ್ ನೀರು. 1850ರ ಸುಮಾರಿಗೆ ಐರ್ಲೆಂಡಿನ ಎಂಜಿನಿಯರ್ ಥಾಮಸ್ ಮುಲ್ವನಿ ಮುಂದಿಟ್ಟ ವಿಚಾರ ಇದು. ಪೇಟೆಯ ಗಟಾರಗಳಿಗೆ, ಸಣ್ಣ ಹಳ್ಳಗಳಿಗೆ ಎಂಜಿನಿಯರುಗಳು ಇಂದಿಗೂ ಮೊದಲು ಹಾಕುವ ಲೆಕ್ಕ ಇದೇ. ಈಗ ಅದೇ ಜಾಗದಲ್ಲಿ ಗುಡ್ಡದ ಬುಡ ಕಡಿದು ರಸ್ತೆ ಬಂತು, ಗದ್ದೆಗೆ ಮಣ್ಣು ತುಂಬಿ ಮನೆ, ಅಂಗಡಿ ಎದ್ದವು, ಅಂಗಳಕ್ಕೆ ಕಾಂಕ್ರೀಟು ಬಿತ್ತು. ನೂರಕ್ಕೆ 40ರ ಬದಲು 70 ಪಾಲು ಹರಿದು ಬಂದರೆ, ಅಷ್ಟೇ ಮಳೆಗೆ ಹಳ್ಳದಲ್ಲಿ 23 ಘನಮೀಟರ್ ನೀರು. ಆಕಾಶದಲ್ಲಿ ಏನೂ ಬದಲಾಗಲಿಲ್ಲ. ನೆರೆ ಮಾತ್ರ ಮುಕ್ಕಾಲು ಪಾಲು ಹೆಚ್ಚಿತು.

ಆ ನೀರು ಹೆದ್ದಾರಿಯ ಕೆಳಗೆ ದಾಟಬೇಕು. ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಎರಡು ಮೋರಿಗಳಿವೆ ಎನ್ನೋಣ. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತುಂಬಿ ಹರಿದರೆ ಎರಡೂ ಸೇರಿ 12 ಘನಮೀಟರ್ ದಾಟಿಸುತ್ತವೆ. ಬರುವುದು 23, ಹೋಗುವುದು 12. ಉಳಿದ 11 ಘನಮೀಟರ್ ಒಂದು ಗಂಟೆ ಹೀಗೆಯೇ ಹಿಂದೆ ನಿಂತರೆ ಸುಮಾರು 40,000 ಘನಮೀಟರ್. ರಸ್ತೆಯ ಮೇಲ್ಮಗ್ಗುಲಿನ ಹತ್ತು ಹೆಕ್ಟೇರ್ ತಗ್ಗಿನಲ್ಲಿ ಅದು ಹರಡಿದರೆ 40 ಸೆಂಟಿಮೀಟರ್ ಆಳ, ಹೆಚ್ಚು ಕಡಿಮೆ ಮೊಣಕಾಲಿನವರೆಗೆ. ಮೋರಿಯ ಬಾಯಿಗೆ ಪ್ಲಾಸ್ಟಿಕ್, ಬಾಳೆದಿಂಡು, ತೆಂಗಿನ ಮಡಲು ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ಈ ಅಂಕಿಗಳು ಉದಾಹರಣೆಗೆ ಹಿಡಿದವು. ಆದರೆ ಕೂಡಿ ಕಳೆಯುವ ರೀತಿ ಯಾವ ಊರಿಗೂ ಇದೇ.

ಲೆಕ್ಕಕ್ಕೂ ಮಿತಿಯಿದೆ. ಕಾರವಾರ ಮುಂಬೈ ಆಧಿಪತ್ಯದಲ್ಲಿದ್ದ ಕಾಲದಿಂದ ಪಶ್ಚಿಮ ಘಟ್ಟದ ಹೊಳೆಗಳಿಗೆ ಬಳಕೆಯಲ್ಲಿರುವ ಇಂಗ್ಲಿಸ್ ಸೂತ್ರಕ್ಕೆ ಅದೇ ಎರಡು ಚದರ ಕಿಲೋಮೀಟರ್ ಹಾಕಿದರೆ ಸೆಕೆಂಡಿಗೆ 70 ಘನಮೀಟರ್ ಬರುತ್ತದೆ. ಒಂದು ಲೆಕ್ಕ 23 ಎನ್ನುತ್ತದೆ, ಇನ್ನೊಂದು 70 ಎನ್ನುತ್ತದೆ. ಸಣ್ಣ ಸೇತುವೆ, ಮೋರಿಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ ಹೊರತಂದ ಕೈಪಿಡಿ ಇದಕ್ಕೊಂದು ದಾರಿ ಹೇಳುತ್ತದೆ: ಒಂದೇ ವಿಧಾನಕ್ಕೆ ಜೋತುಬೀಳದೆ ಹಲವು ವಿಧಾನಗಳಿಂದ ಎಣಿಸಿ, ಅತಿ ಹೆಚ್ಚು ಬಂದದ್ದನ್ನು ಹಿಡಿಯಿರಿ; ಅದು ಎರಡನೆಯ ಅಂಕಿಗಿಂತ ಅರ್ಧಕ್ಕೂ ಮೀರಿ ಹೆಚ್ಚಿದ್ದರೆ ಒಂದೂವರೆ ಪಟ್ಟಿಗೆ ನಿಲ್ಲಿಸಿ. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 35. ಪೂರ್ತಿ ಗೊತ್ತಿಲ್ಲದ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಇದೂ ಒಂದು ನೀತಿಪಾಠ. ಸಂಶಯವಿದ್ದಾಗ ಅದರ ಭಾರ ಕಟ್ಟುವವನ ಖರ್ಚಿನ ಮೇಲೆ ಬೀಳಲಿ, ಕೆಳಗೆ ವಾಸಿಸುವವನ ಮನೆಯ ಮೇಲೆ ಬೇಡ.

ಆ ವಿಧಾನಗಳಲ್ಲಿ ಒಂದಕ್ಕೆ ಊರಿನ ಹಿರಿಯರೇ ಆಧಾರ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಎಂಜಿನಿಯರು ಕೇಳುತ್ತಾನೆ. ಕೊಟ್ಟಿಗೆಯ ಗೋಡೆಯ ಮೇಲಿನ ಕೆಸರಿನ ಗೆರೆ, ತುಳಸಿಕಟ್ಟೆಯ ಯಾವ ಮೆಟ್ಟಿಲು ಮುಳುಗಿತ್ತು ಎಂಬ ನೆನಪು, ಬೇಲಿಗೆ ಸಿಕ್ಕಿಕೊಂಡ ಕಸ ಇವೆಲ್ಲ ಅವನಿಗೆ ಸಾಕ್ಷಿ. ಹಳ್ಳದ ಉದ್ದಕ್ಕೆ ಅಂಥ ಎರಡು ಮೂರು ಗುರುತುಗಳ ಎತ್ತರವನ್ನು ಅಳೆದರೆ ನೀರಿನ ಇಳಿಜಾರು ತಿಳಿಯುತ್ತದೆ. ಪಾತ್ರದ ಅಗಲ, ಆಳ ಅಳೆದು, ಅದು ಎಷ್ಟು ಒರಟು ಎಂದು ಅಂದಾಜಿಸಿದರೆ, 1889ರಲ್ಲಿ ರಾಬರ್ಟ್ ಮ್ಯಾನಿಂಗ್ ಮಂಡಿಸಿದ ಸೂತ್ರದಿಂದ ಅಂದು ಹರಿದ ನೀರು ಎಷ್ಟೆಂದು ಹೇಳಬಹುದು. ನೈಯಾಯಿಕರು ಹೇಳಿದ ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಈ ಮೂರೂ ಇಲ್ಲಿ ಕೂಡಿವೆ. ಗೋಡೆಯ ಗೆರೆ ಕಣ್ಣಿಗೆ ಕಾಣುವಂಥದ್ದು, ಹರಿವು ಊಹಿಸಿದ್ದು, ಅದು ಯಾವ ವರ್ಷದ ಗೆರೆ ಎಂಬುದು ನಂಬಿಕಸ್ಥರ ಮಾತು.

ವಾತ್ಸ್ಯಾಯನ ಕೇಳಿದ ಗುರುತನ್ನು ಇಲ್ಲಿ ಯಾರೂ ನೋಡಬಹುದು. ನೆರೆ ಬಂದ ದಿನ ಮೋರಿಯ ಎರಡೂ ಮಗ್ಗುಲಲ್ಲಿ ನೀರು ಎಷ್ಟು ಎತ್ತರಕ್ಕಿತ್ತು ಎಂದು ಗೆರೆ ಹಾಕಿಡಬೇಕು. ಗುಡ್ಡದ ಕಡೆ ನೀರು ಕೆರೆಯಂತೆ ಸಮವಾಗಿ ನಿಂತು, ಕಡಲ ಕಡೆ ಒಂದು ಮೀಟರ್ ಕೆಳಗಿದ್ದರೆ, ತಡೆ ಆ ರಸ್ತೆಯೇ. ಎರಡೂ ಕಡೆ ಒಂದೇ ಎತ್ತರವಿದ್ದು, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಸಮುದ್ರ ಏರಿದ್ದರೆ, ತಡೆ ಇನ್ನೂ ಕೆಳಗಿದೆ: ಭರತದ ನೀರು, ಅಳಿವೆಯ ಮರಳು ಅಥವಾ ಅಲ್ಲಿ ಎದ್ದ ಗೋಡೆ. ಮೋರಿಯ ಹತ್ತಿರ ತಡೆಯೇ ಇಲ್ಲದೆ ಹಳ್ಳದ ಉದ್ದಕ್ಕೂ ನೀರು ಸೆಳೆತದಿಂದ ಓಡಿ, ದಡ ಕೊರೆದು, ಮರ ಕೆಡವಿದ್ದರೆ, ಅದು ಮಳೆಯ ಹೊಡೆತ. ಹಲವು ವೇಳೆ ಮೂರೂ ಬೆರೆತಿರುತ್ತವೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆಯಾಯಿತು. ಅಂಥ ಮಳೆಯನ್ನು ಯಾವ ಪೇಟೆಯ ಗಟಾರವೂ ನುಂಗಲಾರದು. ಆದರೂ ಒತ್ತುವರಿಯಿಂದ ಇಕ್ಕಟ್ಟಾಗಿದ್ದ ಮಿಠಿ ನದಿ ಆ ದಿನದ ಸಂಕಟವನ್ನು ಹೆಚ್ಚಿಸಿತು ಎಂಬುದು ಬಳಿಕ ಎಲ್ಲರೂ ಒಪ್ಪಿದ ಮಾತು. ಅದೇ ದಿನ, ಒಂದೇ ನೀರಿನಲ್ಲಿ, ದೈವದ ಪಾಲೂ ಇತ್ತು, ಮನುಷ್ಯನ ಪಾಲೂ ಇತ್ತು. ಪಾಲು ಹಾಕುವುದಕ್ಕೇ ಲೆಕ್ಕ ಬೇಕಾಗಿರುವುದು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕೆಲಸ ಆಗುವುದಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ದೈವ ಐದನೆಯದು. ಈ ಕ್ರಮವನ್ನು ಅಮದಳ್ಳಿಯ ಹಳ್ಳಕ್ಕೆ ಅನ್ವಯಿಸಿ ನೋಡಬಹುದು. ನೀರು ಹರಿಯುವ ಜಾಗ ಯಾವ ಸ್ಥಿತಿಯಲ್ಲಿದೆ? ಅದರ ದಾರಿ ತೀರ್ಮಾನಿಸಿದವರು ಯಾರು? ಬಳಸಿದ ಸಾಧನ, ಸೂತ್ರ, ಮೋರಿಯ ಅಳತೆ ಏನು? ಮಳೆಗಾಲಕ್ಕೆ ಮುಂಚೆ ಹೂಳು ತೆಗೆದರೇ? ಈ ನಾಲ್ಕಕ್ಕೆ ಉತ್ತರ ಕೊಟ್ಟು ಮುಗಿದ ಮೇಲೆ ಉಳಿದದ್ದು ಏನಾದರೂ ಇದ್ದರೆ ಅದನ್ನು ದೈವವೆನ್ನಬಹುದು. ಯೋಗವಾಸಿಷ್ಠ ಇನ್ನೂ ಕಠಿಣ. ದೈವವೆಂದು ಕರೆಯುವುದು ಹಿಂದೆ ಮಾಡಿದ ಪ್ರಯತ್ನದ ಫಲವನ್ನೇ ಎನ್ನುತ್ತದೆ ಅದು. ಇಪ್ಪತ್ತು ವರ್ಷಗಳ ಹಿಂದೆ ಯಾರೋ ಕಿರಿದಾಗಿ ಕಟ್ಟಿದ ಮೋರಿ ಇವತ್ತು ಅದರ ಮೇಲ್ಗಡೆ ಮನೆ ಮಾಡಿಕೊಂಡವರಿಗೆ ದೈವವಾಗಿ ಕಾಣುತ್ತದೆ. ಕಟ್ಟಿದವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು. ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಉಣ್ಣುತ್ತಾನೆ. ಗಟಾರದ ವಿಷಯದಲ್ಲಿ ಹಾಗಾಗುವುದಿಲ್ಲ. ಇಲ್ಲಿ ಅನ್ಯಾಯ ಇರುವುದು ಅದರಲ್ಲೇ.

ಕಾರವಾರಕ್ಕೂ ಈ ಚರ್ಚೆಗೂ ಒಂದು ಹಳೆಯ ನಂಟಿದೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ ಅವರ ಜೊತೆ ಬಂದು ತಂಗಿದ್ದ ತರುಣ ಕವಿ ಇಲ್ಲಿಯೇ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಅದು 1884ರಲ್ಲಿ ಪ್ರಕಟವಾಯಿತು. ಪ್ರಕೃತಿಯ ಪ್ರತೀಕಾರ ಎಂಬ ಮಾತು ಈಗ ಪ್ರತಿ ನೆರೆಯ ಸುದ್ದಿಯ ಜೊತೆ ಬರುತ್ತದೆ. ನಾಟಕದ ವಸ್ತು ಬೇರೆ. ಲೋಕವನ್ನು ತೊರೆದು ಪ್ರಕೃತಿಯನ್ನು ಗೆದ್ದೆನೆಂದುಕೊಂಡ ಸಂನ್ಯಾಸಿಯನ್ನು ಒಬ್ಬ ಅನಾಥ ಬಾಲೆಯ ಪ್ರೀತಿ ಮತ್ತೆ ಲೋಕಕ್ಕೆ ಎಳೆಯುತ್ತದೆ.

ಅರ್ಧ ಶತಮಾನದ ಬಳಿಕ, 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ಟ್ಯಾಗೋರರು ಅದನ್ನು ಒಪ್ಪಲಿಲ್ಲ. ಭೌತಿಕ ಅನಾಹುತಕ್ಕೆ ಭೌತಿಕ ಕಾರಣವೇ ಇರುತ್ತದೆ, ಜನರ ವಿವೇಕ ಮಸುಕಾಗುವಂಥ ಮಾತು ಗಾಂಧೀಜಿಯ ಬಾಯಿಂದ ಬರಬಾರದಿತ್ತು ಎಂಬುದು ಅವರ ನೋವು. ಟ್ಯಾಗೋರರ ಆಕ್ಷೇಪವನ್ನೂ ತಮ್ಮ ಉತ್ತರವನ್ನೂ ಗಾಂಧೀಜಿ ಫೆಬ್ರವರಿ 16ರ ‘ಹರಿಜನ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ತಿಂಗಳ ಕೊನೆಗೆ ಹರಿಜನ ಪ್ರವಾಸದ ಮೇಲೆ ಅವರು ಉತ್ತರ ಕನ್ನಡಕ್ಕೂ ಬಂದರು.

ಕಾರಣದ ವಿಷಯದಲ್ಲಿ ಟ್ಯಾಗೋರರ ಮಾತೇ ಸರಿ. ಭೂಮಿಯ ಒಳಪದರದ ಒತ್ತಡಕ್ಕೂ ಅಸ್ಪೃಶ್ಯತೆಗೂ ನಡುವೆ ತೋರಿಸಬಹುದಾದ ಕೊಂಡಿ ಇಲ್ಲ. ಬಿದ್ದ ಮನೆಗಳಲ್ಲಿ ಅಸ್ಪೃಶ್ಯರ ಮನೆಗಳೂ ಇದ್ದವು. ಆದರೆ ಅನಾಹುತದ ಮುಂದೆ ನಿಂತವನು ಮೊದಲು ತನ್ನ ನಡತೆಯನ್ನು ನೋಡಿಕೊಳ್ಳಬೇಕು ಎಂಬ ಗಾಂಧೀಜಿಯ ಒತ್ತಾಯ ನೆರೆಯ ವಿಷಯದಲ್ಲಿ ಅಕ್ಷರಶಃ ನಿಲ್ಲುತ್ತದೆ. ಹಳ್ಳದ ನೆರೆಯಲ್ಲಿ ಮನುಷ್ಯನ ತಪ್ಪಿಗೂ ನೀರಿನ ಎತ್ತರಕ್ಕೂ ನಡುವೆ ಅಳೆಯಬಹುದಾದ ಕೊಂಡಿ ಇದೆ. ಅದು ಸೆಂಟಿಮೀಟರಿನಲ್ಲಿ ಸಿಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ, ಅದರ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳ ಮೇಲೆ ಬಂತು. ಮಳೆ ಸುರಿದದ್ದು ನಿಜ. ರಸ್ತೆಗಾಗಿ ಗುಡ್ಡದ ಬುಡ ಕಡಿದದ್ದೂ ನಿಜ. ಎರಡನೆಯದನ್ನು ಮರೆತು ಮೊದಲನೆಯದನ್ನಷ್ಟೇ ಹೇಳುವವರು ದೇವರ ಮೇಲೆ ಸುಳ್ಳು ಹೊರಿಸಿದಂತೆ.

ನ್ಯಾಯಾಲಯಗಳೂ ಇದೇ ಪ್ರಶ್ನೆಯಲ್ಲಿ ತೊಳಲಿವೆ. ಇಂಗ್ಲೆಂಡಿನ ಚೆಷೈರ್‌ನಲ್ಲಿ ಒಬ್ಬ ಜಮೀನುದಾರಿಣಿಯ ಉದ್ಯಾನದ ಕೆರೆಗಳು ಭಾರಿ ಮಳೆಗೆ ಒಡೆದು ನಾಲ್ಕು ಸೇತುವೆಗಳು ಕೊಚ್ಚಿಹೋದವು. ಅಷ್ಟು ಮಳೆಯನ್ನು ಯಾರೂ ನಿರೀಕ್ಷಿಸುವಂತಿರಲಿಲ್ಲ, ಇದು ದೈವಾಧೀನ ಎಂದು 1876ರ ತೀರ್ಪು ಹೇಳಿತು. 1917ರಲ್ಲಿ ಸ್ಕಾಟ್ಲೆಂಡಿನ ಗ್ರೀನಕ್ ಪಟ್ಟಣದ ಪ್ರಕರಣ ಬಂದಾಗ ಹೌಸ್ ಆಫ್ ಲಾರ್ಡ್ಸ್ ಆ ಸಮಜಾಯಿಷಿಯನ್ನು ಒಪ್ಪಲಿಲ್ಲ. ಅಲ್ಲಿ ನಗರಸಭೆ ಮಕ್ಕಳು ನೀರಾಡಲೆಂದು ಹಳ್ಳದ ಪಾತ್ರದಲ್ಲೇ ಕಾಂಕ್ರೀಟ್ ಕೊಳ ಕಟ್ಟಿ ಹರಿವಿನ ದಿಕ್ಕು ಬದಲಿಸಿತ್ತು. ಅಸಾಧಾರಣ ಮಳೆಗೆ ಅದು ಉಕ್ಕಿ ರೈಲ್ವೆಯ ಆಸ್ತಿ ಹಾಳಾಯಿತು. ಹಳ್ಳದ ಸಹಜ ಹರಿವಿಗೆ ಕೈಹಾಕಿದವರು ಮೊದಲು ಹೋಗುತ್ತಿದ್ದಷ್ಟೇ ನೀರು ಈಗಲೂ ಸುರಕ್ಷಿತವಾಗಿ ಹೋಗುವಂತೆ ಮಾಡಬೇಕು, ಅದು ಅಸಾಧಾರಣ ಮಳೆಯಾದರೂ ಸರಿ ಎಂಬುದು ತೀರ್ಪಿನ ಸಾರ. ನೂರು ವರ್ಷ ಕಳೆದರೂ ಈ ತತ್ತ್ವ ಹೆದ್ದಾರಿಗೂ ರೈಲು ಏರಿಗೂ ಕಾಂಪೌಂಡ್ ಗೋಡೆಗೂ ಸಲ್ಲುತ್ತದೆ.

ಎಷ್ಟು ದೊಡ್ಡ ಮಳೆಗೆ ಸಿದ್ಧರಾಗಬೇಕು ಎಂಬುದೇ ಕೊನೆಯ, ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಕರಾವಳಿಯ ರೈತ ಕಾಲವನ್ನು ಮಳೆನಕ್ಷತ್ರಗಳಲ್ಲಿ ಎಣಿಸುತ್ತಾನೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಪ್ರತಿ ವರ್ಷ ಅದದೇ ತಾರೀಕಿನ ಆಸುಪಾಸಿಗೆ ಬರುತ್ತವೆ. ಎಂಜಿನಿಯರು ಹೇಳುವ ನೂರು ವರ್ಷದ ನೆರೆ ಹಾಗೆ ಬರುವುದಿಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ನೂರರಲ್ಲಿ ಒಂದು. ಕಳೆದ ವರ್ಷ ಬಂದಿದ್ದರೂ ಈ ವರ್ಷದ ಸಾಧ್ಯತೆ ಅಷ್ಟೇ. ಮೂವತ್ತು ವರ್ಷ ಸಾಲ ತೀರಿಸುತ್ತ ಒಂದು ಮನೆಯಲ್ಲಿ ಬಾಳುವ ಕುಟುಂಬ ಆ ಅವಧಿಯಲ್ಲಿ ಅದನ್ನು ಕಾಣುವ ಸಾಧ್ಯತೆ ನೂರಕ್ಕೆ 26. ಐವತ್ತು ವರ್ಷದ ನೆರೆಯಾದರೆ ನೂರಕ್ಕೆ 45. 2019ರ ಆಗಸ್ಟ್‌ನಲ್ಲಿ ಆಶ್ಲೇಷಾ ಮಳೆಗೆ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದವು. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ ಗಂಗಾವಳಿ ಮತ್ತೆ ಉಕ್ಕಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಸೇತುವೆಯನ್ನು ಒಯ್ದಿತು. ಹಳೆಯ ನೆರೆ ಹೊಸ ನೆರೆಗೆ ವಾಯಿದೆ ಕೊಡುವುದಿಲ್ಲ.

ಹಾಗಾಗಿ ಹತ್ತು ವರ್ಷದ ಮಳೆಗೆ ಮೋರಿ ಕಟ್ಟುವುದೋ, ಐವತ್ತು ವರ್ಷದ್ದಕ್ಕೋ ಎಂದು ಆರಿಸುವಾಗ, ಯಾರ ಮನೆಗೆ ಎಷ್ಟು ಸಲ ನೀರು ನುಗ್ಗಲಿ ಎಂದೇ ಆರಿಸಿದಂತಾಗುತ್ತದೆ. ಯಾವ ಸರಕಾರವೂ ಎಲ್ಲ ಮಳೆಗೂ ಸಾಕಾಗುವ ಗಟಾರ ಕಟ್ಟಲಾರದು, ನಿಜ. ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಆದರೆ ಈಗ ಆ ಗೆರೆ ಎಳೆಯುವುದು ದೂರದ ಕಚೇರಿಯ ಕಡತದಲ್ಲಿ. ಅಮದಳ್ಳಿಯ ಗ್ರಾಮಸಭೆಗೆ ಅದು ಹತ್ತೋ, ಇಪ್ಪತ್ತೈದೋ ಎಂಬುದೂ ಗೊತ್ತಿರುವುದಿಲ್ಲ. ಅಪಾಯ ಹೊರುವವರನ್ನು ಕೇಳದೆ ಅಪಾಯದ ಪ್ರಮಾಣ ನಿಗದಿ ಮಾಡುವುದು ಯಾವ ಧರ್ಮಕ್ಕೂ ಒಪ್ಪಿಗೆಯಾಗದು.

ಇಷ್ಟು ಹೇಳಿದ ಮಾತ್ರಕ್ಕೆ ಶ್ರದ್ಧೆಯನ್ನು ತಳ್ಳಿಹಾಕಬೇಕಾಗಿಲ್ಲ. ನೂಲ ಹುಣ್ಣಿಮೆಗೆ ಕಾರವಾರದ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ; ಹಾಗೆಂದು ದೋಣಿಯ ಬಿರುಕು ಮುಚ್ಚದೆ ಕಡಲಿಗಿಳಿಯುವುದಿಲ್ಲ. ನೀರು ಇಳಿದ ಮೇಲೆ ಅಂಗಳದ ಕೆಸರು ಬಳಿಯುತ್ತ, ನೆನೆದ ಭತ್ತ ಒಣಗಿಸುತ್ತ ‘ದೇವರು ಇಷ್ಟಾದರೂ ಉಳಿಸಿದ’ ಎನ್ನುವ ಹೆಂಗಸಿನ ಮಾತಿನಲ್ಲಿ ಬದುಕುವ ಬಲವಿದೆ. ಆ ಮಾತನ್ನು ಆಕೆಯಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅದೇ ಮಾತನ್ನು ಮೋರಿಯ ಅಳತೆ ನಿರ್ಧರಿಸಿದವನು ಹೇಳಿದರೆ, ಕೇಳಿದವರು ಒಪ್ಪಿಕೊಂಡು ಸುಮ್ಮನಿರಬಾರದು. ಆಕೆಗೆ ಅದು ಸಮಾಧಾನ. ಅವನಿಗೆ ಅದು ಸಬೂಬು.

ಆದುದರಿಂದ ಈ ಕರಾವಳಿ ಪಟ್ಟಿಯ ಪ್ರತಿ ಗ್ರಾಮ ಪಂಚಾಯತಿಯೂ ಮಳೆಗಾಲಕ್ಕೆ ಮುಂಚೆ ಮೂರು ಕೆಲಸ ಮಾಡಲಿ. ಹೆದ್ದಾರಿ, ರೈಲು ಏರಿ ದಾಟುವ ಪ್ರತಿ ಮೋರಿಯ ಎರಡೂ ಬದಿಗೆ ಮೀಟರ್ ಗುರುತು ಬಳಿಸಲಿ. ಹಿಂದಿನ ನೆರೆಗಳಲ್ಲಿ ನೀರು ಬಂದ ಎತ್ತರವನ್ನು ಹಿರಿಯರಿಂದ ಕೇಳಿ, ಶಾಲೆಯ ಮಕ್ಕಳಿಂದ ಅಳತೆ ಮಾಡಿಸಿ ದಾಖಲಿಸಲಿ. ಯಾವ ಮೋರಿಯನ್ನು ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆ, ಎಷ್ಟು ಘನಮೀಟರ್ ಹರಿವಿಗೆ ಕಟ್ಟಲಾಗಿದೆ ಎಂಬ ಲೆಕ್ಕವನ್ನು ಸಂಬಂಧಪಟ್ಟ ಇಲಾಖೆಗಳಿಂದ ಬರಹದಲ್ಲಿ ಪಡೆದು ಗ್ರಾಮಸಭೆಯಲ್ಲಿ ಓದಿಸಲಿ. ಆ ಲೆಕ್ಕ ಕೈಗೆ ಬರುವ ತನಕ ಯಾವ ಸರಕಾರಿ ಕಾಗದದಲ್ಲೂ ನೆರೆಯ ಕಾರಣವೆಂದು ದೇವರ ಹೆಸರು ಬರೆಯದಿರಲಿ.